ಶಕುನಿಗೆ ಸೇಡು ಬೇಕಿತ್ತೇ?

(ಉಡುಪಿಯಲ್ಲಿ ತಾಳಮದ್ದಳೆಯ ಆಸಕ್ತರೆದುರು ಮಾಡಿದ ಭಾಷಣದ ಬರಹರೂಪ)



ಪತ್ತನಾಜೆ ಕಳೆದು ಮೇಳದವರು ಗೆಜ್ಜೆ ಬಿಚ್ಚಿದರೆಂದರೆ ನಮ್ಮ ಕಡೆ ತಾಳಮದ್ದಳೆಯ ಕಾಲ. ಹೊರಗೆ ಮಳೆ, ಒಳಗೆ ಭಾಗವತರ ಪದ. ವೇಷವಿಲ್ಲ, ಕುಣಿತವಿಲ್ಲ; ಇರುವುದು ಮಾತು ಮಾತ್ರ. ಮಾತಿನಿಂದಲೇ ಎಲ್ಲವನ್ನೂ ಸಾಧಿಸುವ ಪಾತ್ರಕ್ಕೆ ಇದಕ್ಕಿಂತ ತಕ್ಕ ಜಾಗ ಇನ್ನೊಂದಿಲ್ಲ. ಶಕುನಿ ಅಂಥ ಪಾತ್ರ. ಕುರುಕ್ಷೇತ್ರದಲ್ಲಿ ಆತ ಯುದ್ಧವನ್ನೂ ಮಾಡಿದ. ಆದರೆ ನಮಗೆ ನೆನಪಿರುವುದು ಅವನ ದಾಳ ಮತ್ತು ನಾಲಗೆ. ಆತ ಹಾಗೇಕೆ ಮಾಡಿದ ಎಂಬುದೇ ಇಂದಿನ ಪ್ರಶ್ನೆ.

ಕಾಪುವಿನಿಂದ ಕಾರ್ಕಳದವರೆಗೆ ಯಾರನ್ನು ಕೇಳಿದರೂ ಉತ್ತರ ಸಿದ್ಧವಾಗಿದೆ: ಸೇಡು. ಕೌರವರು ಗಾಂಧಾರದ ಸುಬಲನನ್ನೂ ಅವನ ಮಕ್ಕಳನ್ನೂ ಸೆರೆಯಲ್ಲಿಟ್ಟರು. ದಿನಕ್ಕೆ ತಲೆಗೊಂದು ಅಗುಳು ಕೊಟ್ಟರು. ಎಲ್ಲರೂ ತಮ್ಮ ಅಗುಳನ್ನು ಶಕುನಿಗೆ ಕೊಟ್ಟು ಸತ್ತರು. ಆತ ತಂದೆಯ ಎಲುಬಿನಿಂದ ದಾಳ ಮಾಡಿಕೊಂಡು ಕುರುಕುಲವನ್ನು ಮುಗಿಸಲು ಕಾದ. ಈ ಕಥೆ ಕೇಳಿದ ಮೇಲೆ ಶಕುನಿಯ ಮೇಲಿನ ಸಿಟ್ಟು ಅರ್ಧ ಇಳಿಯುತ್ತದೆ.

ಕಥೆ ಸೊಗಸಾಗಿದೆ, ಆದರೆ ವ್ಯಾಸಭಾರತದ್ದಲ್ಲ. ಪುಣೆಯ ಭಂಡಾರಕರ ಸಂಸ್ಥೆ ನೂರಾರು ಹಸ್ತಪ್ರತಿಗಳನ್ನು ತಾಳೆನೋಡಿ 1966ರಲ್ಲಿ ಪೂರ್ಣಗೊಳಿಸಿದ ಪರಿಷ್ಕೃತ ಆವೃತ್ತಿಯಲ್ಲಿ ಆ ಸೆರೆಯೂ ಇಲ್ಲ, ಎಲುಬಿನ ದಾಳವೂ ಇಲ್ಲ. ಹಾಗಾದರೆ ಅಲ್ಲಿ ಇರುವುದೇನು?

ಸಭಾಪರ್ವವನ್ನು ನೋಡೋಣ. ಇಂದ್ರಪ್ರಸ್ಥದ ಸಿರಿ ಕಂಡು ದುರ್ಯೋಧನ ಹೊಟ್ಟೆಕಿಚ್ಚಿನಿಂದ ಬೆಂದು ಮರಳುತ್ತಾನೆ, ಸಾಯುವ ಮಾತಾಡುತ್ತಾನೆ. ಆಗ ಶಕುನಿ ಮೊದಲು ಆಡುವುದು ಸಮಾಧಾನದ ಮಾತು: ಅಸೂಯೆ ಬೇಡ, ಪಾಂಡವರು ಉಣ್ಣುತ್ತಿರುವುದು ತಮ್ಮ ಭಾಗ್ಯವನ್ನು, ನಿನಗೂ ದ್ರೋಣ, ಕರ್ಣ ಮೊದಲಾದವರ ಬಲವಿದೆ. ಹಾಗಾದರೆ ಅವರನ್ನು ಗೆಲ್ಲುತ್ತೇನೆ ಎಂದು ದುರ್ಯೋಧನ ಎದ್ದಾಗಲೇ ಶಕುನಿ ಹೇಳುವುದು: ಯುದ್ಧದಲ್ಲಿ ಅವರನ್ನು ಗೆಲ್ಲಲಾಗದು, ಆದರೆ ಧರ್ಮರಾಯನಿಗೆ ಜೂಜಿನ ಮೋಹವಿದೆ, ಆಟದ ಜಾಣ್ಮೆಯಿಲ್ಲ. ಗಮನಿಸಿ, ಆಸೆ ಅಳಿಯನದು. ಮಾವ ತೋರಿಸಿದ್ದು ಉಪಾಯ.

ಮುಂದಿನ ಹೆಜ್ಜೆ ಇನ್ನೂ ನವಿರಾದದ್ದು. ಶಕುನಿ ಧೃತರಾಷ್ಟ್ರನ ಬಳಿ ಹೋಗಿ ಮೊದಲಿಗೆ ಜೂಜಿನ ಸುದ್ದಿಯನ್ನೇ ಎತ್ತುವುದಿಲ್ಲ. ನಿನ್ನ ಹಿರಿಯ ಮಗ ಬಿಳಿಚಿಕೊಂಡಿದ್ದಾನೆ, ಸೊರಗಿದ್ದಾನೆ, ಕಾರಣ ವಿಚಾರಿಸಬಾರದೇ ಎನ್ನುತ್ತಾನೆ. ಇದು ಸುಳ್ಳಲ್ಲ, ಮಗ ನಿಜಕ್ಕೂ ಸೊರಗಿದ್ದ. ಕುರುಡು ತಂದೆಯ ಕರುಳಿಗೆ ಇಷ್ಟು ಸಾಕಾಯಿತು. ವಿದುರನನ್ನು ಕೇಳೋಣವೆಂದ ಅರಸ ಕೊನೆಗೆ ವಿದುರನ ಮಾತನ್ನೇ ಮೀರಿದ. ಮೋಸಗಾರ ಎಂದರೆ ಸುಳ್ಳುಗಾರ ಎಂದು ನಾವು ತಿಳಿದಿದ್ದೇವೆ. ನಿಪುಣನಾದ ಮೋಸಗಾರ ನಿಜವನ್ನೇ ಬೇಕಾದಷ್ಟು ಕತ್ತರಿಸಿ, ಬೇಕಾದವರ ಕಿವಿಗೆ, ಬೇಕಾದ ಹೊತ್ತಿಗೆ ಹಾಕುತ್ತಾನೆ.

ಸಭೆಯಲ್ಲಿ ಧರ್ಮರಾಯ ತಮ್ಮಂದಿರನ್ನೂ ತನ್ನನ್ನೂ ಸೋತ ಮೇಲೆ, ದ್ರೌಪದಿ ಇನ್ನೂ ಉಳಿದಿದ್ದಾಳೆಂದು ನೆನಪಿಸಿದವನೂ ಶಕುನಿಯೇ. ಅಲ್ಲಿಗೆ ಅವನ ಬಗ್ಗೆ ಕನಿಕರಕ್ಕೆ ಎಡೆಯಿಲ್ಲ. ಆದರೂ ಕೇಳಬೇಕಾದ ಮಾತೊಂದಿದೆ: ಗೆದ್ದದ್ದೆಲ್ಲ ಯಾರಿಗೆ ಹೋಯಿತು? ದುರ್ಯೋಧನನಿಗೆ. ಶಕುನಿಗೆ ದಕ್ಕಿದ್ದು, ಪ್ರತಿ ಸಲವೂ ಗೆದ್ದೆನೆಂದು ಹೇಳುವ ಸುಖ, ತನ್ನ ಕೈಚಳಕದ ಹೆಮ್ಮೆ.

ಸೇಡಿನ ಕಥೆಗೆ ಒಗ್ಗದ ಇನ್ನೊಂದು ಸಂಗತಿ ವನಪರ್ವದಲ್ಲಿದೆ. ಘೋಷಯಾತ್ರೆಯಲ್ಲಿ ಗಂಧರ್ವರಿಗೆ ಸೆರೆಸಿಕ್ಕು, ಪಾಂಡವರಿಂದಲೇ ಬಿಡುಗಡೆಯಾಗಿ, ನಾಚಿಕೆಯಿಂದ ಪ್ರಾಣಬಿಡಲು ಕುಳಿತ ದುರ್ಯೋಧನನಿಗೆ, ಪಾಂಡವರ ರಾಜ್ಯ ಅವರಿಗೆ ಮರಳಿಸು, ಅಣ್ಣತಮ್ಮಂದಿರಂತೆ ಬಾಳು ಎಂದು ಶಕುನಿಯೇ ಬುದ್ಧಿ ಹೇಳುತ್ತಾನೆ. ಕುಲ ಮುಗಿಸಲೆಂದೇ ಬಂದವನು ಆಡುವ ಮಾತೇ ಇದು? ಆದರೆ ಆ ಮಾತನ್ನು ಅಳಿಯ ಕೇಳಲಿಲ್ಲ. ತನಗೆ ಬೇಕಾದಾಗ ಮಾತ್ರ ಶಕುನಿ ಅವನಿಗೆ ಮಾವನಾಗಿದ್ದ.

ಪಶ್ಚಿಮದ ರಂಗಭೂಮಿಯಲ್ಲೂ ಶಕುನಿಯ ಸಂಬಂಧಿಯೊಬ್ಬನಿದ್ದಾನೆ, ಷೇಕ್ಸ್‌ಪಿಯರನ 'ಒಥೆಲೋ' ನಾಟಕದ ಇಯಾಗೊ. ಬಸವಪ್ಪ ಶಾಸ್ತ್ರಿಗಳ 'ಶೂರಸೇನ ಚರಿತೆ'ಯ ಮೂಲಕ ಈ ಕಥೆ ಹಿಂದೆಯೇ ಕನ್ನಡಕ್ಕೆ ಬಂದಿದೆ. ತನಗೆ ಸಿಗಬೇಕಾದ ಹುದ್ದೆ ಕ್ಯಾಸಿಯೋಗೆ ಹೋಯಿತೆಂದು ಇಯಾಗೊ ಒಮ್ಮೆ ಹೇಳುತ್ತಾನೆ, ಹೆಂಡತಿಯ ಮೇಲೆ ಸಂಶಯವೆಂದು ಇನ್ನೊಮ್ಮೆ. ಸಿಕ್ಕಿಬಿದ್ದು ಕಾರಣ ಕೇಳಿದಾಗ ಬಾಯಿ ಬಿಡುವುದೇ ಇಲ್ಲ. ಇದು ಕಾರಣವಿಲ್ಲದ ಕೇಡು ಎಂದು ಕವಿ ಕೋಲ್‌ರಿಡ್ಜ್ ಹೇಳಿದ. ಅಲ್ಲಿಯೂ ಕಿಡಿ ಇಯಾಗೊನದು. ಒಣಹುಲ್ಲು ಒಥೆಲೋನ ಎದೆಯಲ್ಲೇ ಇತ್ತು.

ಶಕುನಿ ನಮ್ಮ ನಾಡಿನವರನ್ನು ಹೆಚ್ಚು ಕಾಡುವುದಕ್ಕೆ ಇನ್ನೊಂದು ಕಾರಣವಿದ್ದೀತು. ಇದು ಅಳಿಯಸಂತಾನದ ಸೀಮೆ. ಬಂಟರು, ಬಿಲ್ಲವರು, ಮೊಗವೀರರು ಮೊದಲಾದವರ ಮನೆಗಳಲ್ಲಿ ಆಸ್ತಿ ತಾಯಿಯ ಕಡೆಯಿಂದ ಇಳಿಯುತ್ತಿತ್ತು. ಯಜಮಾನಿಕೆ ಹೆಚ್ಚಾಗಿ ಸೋದರಮಾವನದು. ತುಳುವಿನ 'ತಮ್ಮಲೆ' ಎಂಬ ಮಾತಿನಲ್ಲಿ ಸಲುಗೆಯೂ ಇದೆ, ಅಧಿಕಾರವೂ ಇದೆ. 1949ರ ಮದ್ರಾಸ್ ಅಳಿಯಸಂತಾನ ಕಾಯಿದೆ ಪಾಲಿಗೆ ದಾರಿ ಮಾಡಿದ ಮೇಲೆ ಆ ಕಟ್ಟು ಸಡಿಲವಾಯಿತು. ಆದರೂ ಅಳಿಯನನ್ನು ಕಾಯಬೇಕಾದ ಮಾವನೇ ಅವನನ್ನು ಹಾಳುಮಾಡಿದ ಎಂದರೆ ಇಲ್ಲಿಯ ಮನಸ್ಸು ಬೆಚ್ಚುತ್ತದೆ. ಹಾಗೆ ಬೆಚ್ಚಿದ ಮನಸ್ಸಿಗೆ ಎಲುಬಿನ ದಾಳದ ಕಥೆ ಒಂದು ಸಮಾಧಾನ. ಕೆಟ್ಟವನಿಗೆ ದೊಡ್ಡದೊಂದು ಕಾರಣವಿದ್ದರೆ ಆತ ನಮ್ಮಂಥವನಲ್ಲ ಎಂದುಕೊಳ್ಳಬಹುದಲ್ಲ!

ಆದ್ದರಿಂದ ಅರ್ಥಧಾರಿಗಳಲ್ಲಿ ನನ್ನದೊಂದು ಬಿನ್ನಹ. ಸೇಡಿನ ಕಥೆ ಹೇಳಬೇಡಿ ಎನ್ನುವುದಿಲ್ಲ. ಅದು ಜನ ಕಟ್ಟಿದ ಕಥೆ, ಅದಕ್ಕೂ ಬೆಲೆಯಿದೆ. ಆದರೆ ಶಕುನಿಯನ್ನು ಗಹಗಹಿಸಿ ನಗಿಸುವ ಬದಲು ಒಮ್ಮೆ ಮೆಲುದನಿಯಲ್ಲಿ, ಅಕ್ಕರೆಯಿಂದ ಮಾತಾಡಿಸಿ ನೋಡಿ. ಪಾಲಿನ ಜಗಳದಲ್ಲಿ, ಚುನಾವಣೆಯಲ್ಲಿ, ಕಚೇರಿಯಲ್ಲಿ ನಾವು ಕೇಳುವ ದನಿ ಅದೇ. ನಮ್ಮ ಹಿತವನ್ನೇ ಬಯಸುವವನಂತೆ ಬಂದು, ನಾವು ಬಾಯಿಬಿಟ್ಟು ಹೇಳಲಾರದ ಆಸೆಗೆ ಆತ ದಾರಿ ತೋರಿಸುತ್ತಾನೆ.

ಹದಿನೆಂಟನೆಯ ದಿನ ಸಹದೇವನ ಕೈಯಿಂದ ಮಗ ಉಲೂಕ ಸತ್ತುಬಿದ್ದಾಗ ಶಕುನಿಯ ಕೊರಳು ಕಣ್ಣೀರಿನಿಂದ ಕಟ್ಟಿತಂತೆ. ವಿದುರ ಹಿಂದೆ ಹೇಳಿದ್ದು ನೆನಪಾಯಿತಂತೆ. ಶಲ್ಯಪರ್ವ ಅವನಿಗೆ ಕೊಡುವ ಕನಿಕರ ಅಷ್ಟೇ. ಸ್ವಲ್ಪ ಹೊತ್ತಿನಲ್ಲೇ ಅವನೂ ಸಹದೇವನಿಗೆ ಬಲಿಯಾದ. ವಿದುರ ಆ ಮಾತು ಆಡಿದಾಗ ಎಲ್ಲರಿಗೂ ಕಿವಿಯಿತ್ತು. ಆ ದಿನ ಅವರು ಯಾರ ಮಾತಿಗೆ ಕಿವಿಗೊಟ್ಟರು, ಏಕೆ ಕೊಟ್ಟರು ಎಂಬುದೇ ಮಹಾಭಾರತದ ದುರಂತ.