ಪರದೆಯ ಮೇಲಿನ ಲಾಭ, ಕೈಗೆ ಬಂದ ಲಾಭ

(ಸ್ವಸಹಾಯ ಸಂಘಗಳ ಪದಾಧಿಕಾರಿಗಳ ಸಭೆಯಲ್ಲಿ ಆಡಿದ ಮಾತುಗಳು)



ಒಂದು ಸಂಘದ ಲೆಕ್ಕ ನೋಡಲು ಹೋಗಿದ್ದೆವು. ಸಾಲದ ಪುಸ್ತಕದಲ್ಲಿ 10,000 ರೂಪಾಯಿಯ ಎದುರು 'ಮಗನ ಫೀಸು' ಎಂದಿತ್ತು. ಸಭೆ ಮುಗಿದ ಮೇಲೆ ಆ ಸದಸ್ಯೆ ಮೆಲ್ಲನೆ ಬಂದು, "ಸಿಸ್ಟರ್, ಅದು ಫೀಸಿಗಲ್ಲ, ಕ್ರಿಪ್ಟೋಗೆ ಹಾಕಿದ್ದು. ಆರು ತಿಂಗಳಲ್ಲಿ ಹನ್ನೆರಡು ಸಾವಿರ ಆಗಿದೆ" ಎಂದು ಮೊಬೈಲ್ ತೋರಿಸಿದರು. ನಾವು ಬೈಯಲಿಲ್ಲ. ಜಗಲಿಯಲ್ಲೇ ಕೂತು ಲೆಕ್ಕ ಬರೆದೆವು.

ಲಾಭ 2,000 ಅಂತ ಇಟ್ಟುಕೊಳ್ಳಿ. ಕೊಳ್ಳುವಾಗಲೂ ಮಾರುವಾಗಲೂ ಆ್ಯಪ್‌ನವರ ಕಮಿಷನ್ ಉಂಟು. ನೂರಕ್ಕೆ ಐವತ್ತು ಪೈಸೆ ಎಂದರೂ ಎರಡೂ ಸೇರಿ 110. ಅದರ ಮೇಲೆ ಜಿ.ಎಸ್.ಟಿ. ಸೇರಿ ಸುಮಾರು 130. ಸರಕಾರ 2022ರ ಏಪ್ರಿಲ್ 1ರಿಂದ ಇಂಥ ಲಾಭಕ್ಕೆ ನೂರಕ್ಕೆ 30 ತೆರಿಗೆ, ಅದರ ಮೇಲೆ ಸೆಸ್ ಹಾಕಿದೆ. ಕಮಿಷನ್ ಕಳೆಯದೆ ಪೂರ್ತಿ 2,000ಕ್ಕೇ ಹಾಕಿದರೆ ಅದು 624 ರೂಪಾಯಿ. ಇನ್ನು ಸಂಘದ ಬಡ್ಡಿ: ತಿಂಗಳಿಗೆ ನೂರಕ್ಕೆ ಎರಡರಂತೆ ಆರು ತಿಂಗಳಿಗೆ 1,200. ಎಲ್ಲ ಕಳೆದು ಉಳಿದದ್ದು 46 ರೂಪಾಯಿ! ಆ ಸದಸ್ಯೆ ಎರಡು ಸಲ ಕೂಡಿಸಿ ನೋಡಿದರು. ಅದೂ ಇನ್ನೂ ಮಾರಿಲ್ಲ. ಮಾರಿ ಬ್ಯಾಂಕಿಗೆ ಬರುವ ತನಕ ಅದು ಪರದೆಯ ಮೇಲಿನ ಅಂಕೆ ಮಾತ್ರ.

ನಷ್ಟದ ಲೆಕ್ಕ ಇನ್ನೂ ಕಷ್ಟದ್ದು. ನಮ್ಮ ಅಂಗಡಿಯಲ್ಲಾದರೆ ತರಕಾರಿಯಲ್ಲಿ ಹೋದದ್ದನ್ನು ಮೀನಿನಲ್ಲಿ ಬಂದದ್ದರೊಂದಿಗೆ ಸೇರಿಸಿ ನೋಡುತ್ತೇವೆ. ಇಲ್ಲಿ ಹಾಗಿಲ್ಲ. ಒಂದು ಕಾಯಿನ್‌ನಲ್ಲಿ 3,000 ಹೋಗಿ ಇನ್ನೊಂದರಲ್ಲಿ 2,000 ಬಂದರೆ, ನಮ್ಮ ಮಟ್ಟಿಗೆ 1,000 ನಷ್ಟ. ಕಾನೂನಿನ ಮಟ್ಟಿಗೆ ಆ 2,000 ಲಾಭವೇ, ಅದಕ್ಕೆ ತೆರಿಗೆ ಕಟ್ಟಲೇಬೇಕು. ಈ ವರ್ಷದ ನಷ್ಟವನ್ನು ಬರುವ ವರ್ಷಕ್ಕೂ ಒಯ್ಯುವಂತಿಲ್ಲ.

ಇನ್ನೊಂದು ಮಾತು. ಹತ್ತು ಸಾವಿರ ಅರ್ಧಕ್ಕೆ ಇಳಿದು ಐದು ಸಾವಿರವಾದರೆ, ಅಸಲು ವಾಪಸು ಬರಲು ಅದು ಇಮ್ಮಡಿಯಾಗಬೇಕು. ಮಲ್ಲಿಗೆ ದರವೂ ದಿನಾ ಏರಿಳಿಯುತ್ತದೆ, ನಿಜ. ಆದರೆ ಮದುವೆ, ಹಬ್ಬ ನೋಡಿ ನಾವು ಸ್ವಲ್ಪ ಅಂದಾಜು ಹಾಕಬಹುದು, ಗಿಡವಂತೂ ಅಂಗಳದಲ್ಲೇ ಇರುತ್ತದೆ. ಬಿಟ್‌ಕಾಯಿನ್ 2021ರ ನವೆಂಬರಿನಲ್ಲಿ 68,000 ಡಾಲರ್ ದಾಟಿತ್ತು. ಒಂದೇ ವರ್ಷದಲ್ಲಿ 16,000ದ ಹತ್ತಿರಕ್ಕೆ ಬಿತ್ತು. 2024ರ ಡಿಸೆಂಬರಿನಲ್ಲಿ ಒಂದು ಲಕ್ಷ ದಾಟಿದ್ದೂ ಹೌದು. ಕಾಯಲು ಆದವರಿಗೆ ಬಂತು. ಸಾಲ ಮಾಡಿ ಹಾಕಿದವರನ್ನು ವಾರದ ಕಂತು ಮೂರು ವರ್ಷ ಕಾಯಲು ಬಿಡುತ್ತದೆಯೇ? 2022ರ ಮೇಯಲ್ಲಿ ಲೂನಾ ಎಂಬ ಕಾಯಿನ್ ಕೆಲವೇ ದಿನಗಳಲ್ಲಿ ಬಹುತೇಕ ಸೊನ್ನೆಯಾಯಿತು. ಅದಕ್ಕೆ ಕಾದವರಿಗೂ ಏನೂ ಸಿಗಲಿಲ್ಲ.

ಆ ಮೊಬೈಲಿನ ಆ್ಯಪ್ ಅಸಲಿಯೇ ಎಂಬ ಸಂಶಯ ನಮಗೆ ಆಗಲೇ ಬಂದಿತ್ತು. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಯಾರೋ ಕಳಿಸಿದ ಲಿಂಕ್ ಅದು. "ಐನೂರು ರೂಪಾಯಿ ತೆಗೆದು ನೋಡಿ" ಎಂದೆವು. ತೆಗೆಯಲು ಹೋದಾಗ "ಮೊದಲು 3,600 ತೆರಿಗೆ ಕಟ್ಟಿ" ಎಂದು ಬಂತು. ತೆರಿಗೆ ಸರಕಾರಕ್ಕೆ ಹೋಗುವುದು, ಲಿಂಕ್ ಕಳಿಸಿದವನ ಖಾತೆಗಲ್ಲ. ಹಾಗೆ ಕೇಳಿದರೆ ಮೋಸವೆಂದೇ ತಿಳಿಯಿರಿ. ಒಂದು ರೂಪಾಯಿಯೂ ಕಟ್ಟದೆ ತಕ್ಷಣ 1930ಕ್ಕೆ ಫೋನ್ ಮಾಡಿ. ಬೇಗ ಮಾಡಿದಷ್ಟು ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು. ನಾಚಿಕೆಯಿಂದ ಎರಡು ದಿನ ಸುಮ್ಮನಿರಬೇಡಿ.

ಅವರು ಅಂದು ನಮ್ಮ ಎದುರೇ ಫೋನ್ ಮಾಡಿದರು. ಹಣ ಇನ್ನೂ ಬಂದಿಲ್ಲ. ಮುಂದಿನ ಸಭೆಯಲ್ಲಿ ಸದಸ್ಯರಿಗೆಲ್ಲ ತಾವೇ ಹೇಳಿದರು. ಅವರ ಸಂಘದವರು ಕಂತನ್ನು ಸಣ್ಣದು ಮಾಡಿ ಅವಧಿ ಹೆಚ್ಚಿಸಿ ನಿರ್ಣಯ ಬರೆದಿದ್ದಾರೆ. ನಿಮ್ಮ ಸಂಘದಲ್ಲೂ ಇಂಥ 'ಫೀಸು' ಇರಬಹುದು. ಬರುವ ತಿಂಗಳು ಸಾಲದ ಪುಸ್ತಕ ತನ್ನಿ, ಒಟ್ಟಿಗೆ ಕೂತು ನೋಡುವ.