ಪಂಪ್‌ಸೆಟ್ಟಿಗೆ ಬಂದ ಬುದ್ಧಿ

(ಶಿವಮೊಗ್ಗದ ದುರ್ಗಿಗುಡಿಯಲ್ಲಿ ಸೇರಿದ್ದ ರೈತರ ಸಭೆಯಲ್ಲಿ ಮಾಡಿದ ಭಾಷಣ)



ಸಾಮಾನು ಕೊಳ್ಳಲು ದುರ್ಗಿಗುಡಿಗೆ ಬರುವ ರೈತರು ಈಚೆಗೆ ನನ್ನನ್ನು ಒಂದೇ ಪ್ರಶ್ನೆ ಕೇಳುತ್ತಾರೆ. “ಸ್ಟಾರ್ಟರಿಗೆ ಹೊಸ ಪೆಟ್ಟಿಗೆ ಬಂದಿದೆಯಂತೆ, ಕೃತಕ ಬುದ್ಧಿಮತ್ತೆ ಅಂತಾರೆ. ಹಾಕಿಸಿದರೆ ಮೋಟಾರು ಸುಡೋದಿಲ್ಲ, ಕರೆಂಟೂ ಉಳಿಯುತ್ತೆ ಅಂತಾರೆ. ನಿಜವೇ ಸಾರ್?” ಈ ಪ್ರಶ್ನೆಗೆ ಉತ್ತರ ಹೇಳುವುದೇ ಇಂದಿನ ನನ್ನ ಮಾತಿನ ಉದ್ದೇಶ.

ಮೊದಲು ನಮ್ಮ ಮನೆಯ ಸಂಗತಿ. 2023ರಲ್ಲಿ ಮಳೆ ಕೈಕೊಟ್ಟಿತು. ಮರುವರ್ಷದ ಬೇಸಿಗೆಯಲ್ಲಿ ನಮ್ಮ ಅಡಿಕೆ ತೋಟದ ಕೊಳವೆ ಬಾವಿಯ ಮೋಟಾರು ಸುಟ್ಟಿತು. ಸುರುಳಿ ಸುತ್ತಿಸಿ ಇಳಿಸಿದೆವು. ಹದಿನೈದು ದಿನಕ್ಕೆ ಮತ್ತೆ ಸುಟ್ಟಿತು. ಶಕ್ತಿ ಸಾಲದೆಂದು ಅಣ್ಣ 5 ಅಶ್ವಶಕ್ತಿಯದನ್ನು ತೆಗೆಸಿ ಏಳೂವರೆಯದನ್ನು ಹಾಕಿಸಿದರು. ಅದೂ ಸುಟ್ಟಿತು. ಕೊರತೆಯಿದ್ದದ್ದು ಮೋಟಾರಿನಲ್ಲಿ ಅಲ್ಲ, ಬಾವಿಯ ನೀರಿನಲ್ಲಿ. ರಾತ್ರಿ ಕರೆಂಟು ಬಂದೊಡನೆ ಆಟೋ ಸ್ಟಾರ್ಟರ್ ಮೋಟಾರನ್ನು ಚಾಲೂ ಮಾಡುತ್ತಿತ್ತು. ಸ್ವಲ್ಪ ಹೊತ್ತಿಗೆ ನೀರು ಮುಗಿದು ಪಂಪು ಬರಿದೇ ತಿರುಗುತ್ತಿತ್ತು. ನಾವು ಮನೆಯಲ್ಲಿ ಮಲಗಿದ್ದೆವು. ದುರಸ್ತಿಗೆ ಓಡಾಡುವಷ್ಟರಲ್ಲಿ ಎಳೆಯ ಗಿಡಗಳ ಒಂದು ಸಾಲು ಒಣಗಿಹೋಯಿತು. ಇಂಜಿನಿಯರಿಂಗ್ ಓದಿದ ನಾನು ಮನೆಯಲ್ಲಿದ್ದೂ ಹೀಗಾಯಿತೆಂದು ಹೇಳಲು ಸಂಕೋಚವಾಗುತ್ತದೆ. ಆದರೆ ನಿಮ್ಮಲ್ಲಿ ಹಲವರ ಅನುಭವವೂ ಇದೇ ಎಂದು ಬಲ್ಲೆ.

ಪೆಟ್ಟಿಗೆ ಕಲಿಯುವ ಬಗೆ

ಅನುಭವವುಳ್ಳ ಮೆಕ್ಯಾನಿಕ್ ಮೋಟಾರಿನ ಸದ್ದು ಕೇಳಿಯೇ ದೋಷ ಹೇಳುತ್ತಾನೆ. ಈ ಪೆಟ್ಟಿಗೆಗೆ ಸದ್ದಿನ ಬದಲು ಮೋಟಾರು ಎಳೆಯುವ ಕರೆಂಟೇ ಗುರುತು. ನೀರು ತಪ್ಪಿದರೆ ಪಂಪಿನ ಹೊರೆ ಇಳಿದು ಆಂಪಿಯರ್ ಕಡಿಮೆಯಾಗುತ್ತದೆ. ಮರಳು ಸಿಕ್ಕಿ ಬಿಗಿಯಾದರೆ ಏರುತ್ತದೆ. ಮೂರು ಫೇಸಿನಲ್ಲಿ ಒಂದು ಹೋದರೆ ಉಳಿದೆರಡರಲ್ಲಿ ಹೆಚ್ಚುತ್ತದೆ. ಹಳೆಯ ರಕ್ಷಣಾ ಸಾಧನಗಳಿಗೂ ಇದು ತಿಳಿಯುತ್ತದೆ. ಆದರೆ ಅವುಗಳಿಗೆ ನಾವು ಗೊತ್ತುಮಾಡಿದ ಒಂದು ಮಿತಿ ಮಾತ್ರ ಗೊತ್ತು. ವೋಲ್ಟೇಜ್ ಕುಸಿದಾಗ ಒಳ್ಳೆಯ ಮೋಟಾರು ಕೂಡ ಹೆಚ್ಚು ಕರೆಂಟು ಎಳೆಯುತ್ತದೆ. ಆಗ ಅವು ಮೋಸಹೋಗುತ್ತವೆ. ಕಲಿಯುವ ಪೆಟ್ಟಿಗೆಯು ವೋಲ್ಟೇಜ್, ಕರೆಂಟು, ಹೊತ್ತು ಎಲ್ಲವನ್ನೂ ಕೂಡಿಸಿ ನೋಡಿ, ನಿಮ್ಮ ಪಂಪಿನ ನಿತ್ಯದ ನಡೆಯನ್ನು ಮೊದಲ ಕೆಲವು ದಿನ ಗುರುತು ಹಾಕಿಕೊಳ್ಳುತ್ತದೆ. ಆ ನಡೆ ತಪ್ಪಿದಾಗ ಮೋಟಾರನ್ನು ನಿಲ್ಲಿಸುತ್ತದೆ.

ಇಂಥ ಲೆಕ್ಕಕ್ಕೂ ವಿದ್ಯುತ್ ಬೇಕು. ಸಾಮಾನ್ಯ ಕಂಪ್ಯೂಟರಿನಲ್ಲಿ ಮಾಹಿತಿ ಒಂದು ಕಡೆ, ಲೆಕ್ಕ ಇನ್ನೊಂದು ಕಡೆ. ಕಣಜ ಒಂದೂರಲ್ಲಿ, ಗಿರಣಿ ಮತ್ತೊಂದೂರಲ್ಲಿ ಇದ್ದು ಗಾಡಿ ಹೊಡೆದಂತೆ, ಸಾಗಾಟದಲ್ಲೇ ಬಹಳ ಶಕ್ತಿ ಖರ್ಚು. ಇದನ್ನು ತಗ್ಗಿಸಲು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಂಶೋಧನೆ ನಡೆದಿದೆ. ಚೇತನ್ ಸಿಂಗ್ ಠಾಕೂರ್ ಅವರ ತಂಡ ಕೃತಕ ಬುದ್ಧಿಮತ್ತೆಯ ಲೆಕ್ಕಕ್ಕೆಂದು ರೂಪಿಸಿದ, ಕಡಿಮೆ ವಿದ್ಯುತ್ ಬಳಸುವ ‘ಆರ್ಯಭಟ್-1’ ಎಂಬ ಅನಲಾಗ್ ಚಿಪ್ಪಿನ ಮಾದರಿ 2022ರಲ್ಲಿ ಪ್ರಕಟವಾಯಿತು. 2024ರಲ್ಲಿ ಶ್ರೀತೋಷ್ ಗೋಸ್ವಾಮಿ ಅವರ ತಂಡ ಅಣುಗಳ ತೆಳು ಪದರವೊಂದರಲ್ಲಿ 16,500 ಬೇರೆ ಬೇರೆ ಸ್ಥಿತಿಗಳಲ್ಲಿ ಮಾಹಿತಿ ಇರಿಸಿ, ಅಲ್ಲಿಯೇ ಲೆಕ್ಕ ಮಾಡುವ ವಿಧಾನವನ್ನು ‘ನೇಚರ್’ ಪತ್ರಿಕೆಯಲ್ಲಿ ವರದಿ ಮಾಡಿತು. ಗಿರಣಿಯನ್ನು ಕಣಜದೊಳಗೇ ಕಟ್ಟಿದಂತೆ ಇದು. ಇವು ಪ್ರಯೋಗಾಲಯದ ಕೆಲಸಗಳು. ನಾಳೆಯೇ ಅಂಗಡಿಗೆ ಬರುತ್ತವೆಂದು ತಿಳಿಯಬೇಡಿ. ಆದರೆ ದಾರಿ ಇದೇ: ಮೊಬೈಲ್ ಸಿಗ್ನಲ್ ಇಲ್ಲದ ತೋಟದಲ್ಲಿಯೂ ಸಣ್ಣ ಸಾಧನ ತಾನೇ ಲೆಕ್ಕಹಾಕಿ ತೀರ್ಮಾನಿಸಬೇಕು.

ಪೆಟ್ಟಿಗೆಯಿಂದ ಆಗದ ಕೆಲಸ

ಇಲ್ಲಿ ಒಂದು ಎಚ್ಚರಿಕೆ. ಈ ಪೆಟ್ಟಿಗೆ ಮೋಟಾರನ್ನು ಕಾಯುತ್ತದೆ. ಪಂಪಿನ ದಕ್ಷತೆಯನ್ನು ಹೆಚ್ಚಿಸುವುದಿಲ್ಲ. ಒಂದು ಲೆಕ್ಕ ನೋಡಿ. ಸೆಕೆಂಡಿಗೆ 3 ಲೀಟರ್ ನೀರನ್ನು ಒಟ್ಟು 60 ಮೀಟರ್ ಎತ್ತಲು ನಿಜವಾಗಿ ಬೇಕಾದ ಶಕ್ತಿ ಸುಮಾರು 1.8 ಕಿಲೋವ್ಯಾಟ್. ಪಂಪ್‌ಸೆಟ್ಟಿನ ಒಟ್ಟು ದಕ್ಷತೆ ಶೇ. 30 ಇದ್ದರೆ ಅದು 5.9 ಕಿಲೋವ್ಯಾಟ್ ಎಳೆಯುತ್ತದೆ, ಶೇ. 50 ಇದ್ದರೆ 3.5 ಸಾಕು. ವರ್ಷಕ್ಕೆ 900 ಗಂಟೆ ನಡೆಸಿದರೆ ವ್ಯತ್ಯಾಸ ಸುಮಾರು 2,100 ಯೂನಿಟ್. ನೀರು ಮಾತ್ರ ಅಷ್ಟೇ!

ಅಷ್ಟೇ ಅಲ್ಲ. ಕೆಟ್ಟ ಪಂಪಿನ ಮೇಲೆ ಕಲಿತ ಪೆಟ್ಟಿಗೆ ಆ ಕೆಟ್ಟ ನಡೆಯನ್ನೇ ಸರಿಯೆಂದು ಕಲಿಯುತ್ತದೆ. ಆದ್ದರಿಂದ ಮೊದಲು ಪಂಪು, ಆಮೇಲೆ ಪೆಟ್ಟಿಗೆ.

ರೈತರು ಅನುಸರಿಸಬೇಕಾದ ಕ್ರಮ

1. 200 ಲೀಟರಿನ ಡ್ರಮ್ ತುಂಬಲು ಎಷ್ಟು ಸೆಕೆಂಡ್ ಬೇಕೆಂದು ತಿಂಗಳಿಗೊಮ್ಮೆ ಅಳೆದು ಬರೆದಿಡಿ. ಸೆಕೆಂಡಿಗೆ 3 ಲೀಟರ್ ಬರುತ್ತಿದ್ದರೆ 67 ಸೆಕೆಂಡಿನಲ್ಲಿ ತುಂಬಬೇಕು.

2. ಪೈಪು ಕಿರಿದಾಗದಂತೆ ನೋಡಿಕೊಳ್ಳಿ. ಅಷ್ಟೇ ನೀರಿಗೆ ಒಳವ್ಯಾಸ ಅರ್ಧವಾದರೆ ಘರ್ಷಣೆಯ ನಷ್ಟ ಸುಮಾರು ಮೂವತ್ತು ಪಟ್ಟಾಗುತ್ತದೆ. ತೆರೆದ ಬಾವಿಯವರು ಫುಟ್‌ವಾಲ್ವ್ ಕಟ್ಟಿಕೊಂಡಿದೆಯೇ ಎಂದು ಪರೀಕ್ಷಿಸಿ. ಅನಗತ್ಯ ತಿರುವುಗಳನ್ನು ತೆಗೆಸಿ.

3. ಹೊಸ ಪಂಪು ಕೊಳ್ಳುವಾಗ ನೆರೆಯವರ ಅಶ್ವಶಕ್ತಿ ಕೇಳಬೇಡಿ; ನಿಮ್ಮ ಬಾವಿಯ ಆಳ, ಇಳುವರಿ ತಿಳಿಸಿ ಆರಿಸಿ. ನಕ್ಷತ್ರ ಗುರುತು ನೋಡಿ. ತಕ್ಕ ಎತ್ತರ, ನೀರಿನ ಪ್ರಮಾಣಕ್ಕೆ ಬಳಸಿದರೆ ಮಾತ್ರ ಆ ನಕ್ಷತ್ರಕ್ಕೆ ಬೆಲೆ.

4. ಸ್ಟಾರ್ಟರಿಗೆ ತಕ್ಕ ಕೆಪಾಸಿಟರ್ ಹಾಕಿಸಿ. ಲೈನಿನ ಹೊರೆ ಇಳಿದು ವೋಲ್ಟೇಜ್ ಸುಧಾರಿಸಲು ನೆರವಾಗುತ್ತದೆ. ಅರ್ಥಿಂಗ್ ಮರೆಯಬೇಡಿ.

5. ಆಮೇಲೆ ಪೆಟ್ಟಿಗೆಯ ವಿಚಾರಣೆ: ಸಿಗ್ನಲ್ ಇಲ್ಲದೆಯೂ ನಡೆಯುತ್ತದೆಯೇ? ಮೋಟಾರು ಏಕೆ ನಿಂತಿತೆಂದು ತಿಳಿಸುತ್ತದೆಯೇ? ಕೆಟ್ಟರೆ ರಿಪೇರಿ ಮಾಡುವವರು ಯಾರು? ಈ ಮೂರಕ್ಕೂ ಉತ್ತರ ಸಿಗದಿದ್ದರೆ ಕೊಳ್ಳಬೇಡಿ.

10 ಅಶ್ವಶಕ್ತಿವರೆಗಿನ ಪಂಪ್‌ಸೆಟ್ಟಿಗೆ ನಮ್ಮ ರಾಜ್ಯದಲ್ಲಿ ಬಿಲ್ಲಿಲ್ಲ, ಹಾಗಿರುವಾಗ ಈ ಉಳಿತಾಯ ಯಾರಿಗೆ ಎಂದು ಕೇಳುವವರಿದ್ದಾರೆ. ಸುಟ್ಟ ಮೋಟಾರಿನ ಬಿಲ್ಲು ನಮಗೇ ಬರುತ್ತದಲ್ಲವೇ? ಒಂದೇ ಟಿ.ಸಿ.ಯ ಮೇಲೆ ಆಟೋ ಸ್ಟಾರ್ಟರುಗಳೆಲ್ಲ ಒಮ್ಮೆಗೇ ಎದ್ದರೆ ಕತ್ತಲಾಗುವುದು ನಮ್ಮ ಊರಿಗೇ. ರಾತ್ರಿಯಿಡೀ ಹರಿದು ಹೋದ ನೀರೂ ನಮ್ಮದೇ ಬಾವಿಯದು. ನಮ್ಮ ತೋಟದಲ್ಲಿ ಈಗ ಪೆಟ್ಟಿಗೆ ಇದೆ. ಅದರ ಪಕ್ಕದ ಮೊಳೆಗೆ ಅಣ್ಣ ಒಂದು ನೋಟುಪುಸ್ತಕ ತೂಗುಹಾಕಿದ್ದಾರೆ. ಡ್ರಮ್ಮಿನ ಲೆಕ್ಕ ಅದರಲ್ಲಿದೆ. ನೀವೂ ಆ ಪುಸ್ತಕದಿಂದಲೇ ಪ್ರಾರಂಭಿಸಿ.