ಒತ್ತಕ್ಷರ ಐಚ್ಛಿಕವಲ್ಲ!

(ತಂತ್ರಾಂಶ ಕಟ್ಟುವ ತರುಣರ ಮುಂದೆ ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತು)



ನಾನು ಪಿಯುಸಿ ಓದಿ ಪ್ರೆಸ್ಸಿಗೆ ಬಂದವನು. ನಿಮ್ಮಂತೆ ಕಂಪ್ಯೂಟರ್ ಪಂಡಿತನಲ್ಲ. ಆದರೂ ಒಂದು ದೂರು ಹೊತ್ತು ತಂದಿದ್ದೇನೆ.

ಒಂದು ಶಾಲೆಗೆ 300 ಗುರುತಿನ ಚೀಟಿ ಅಚ್ಚು ಮಾಡಿಕೊಟ್ಟೆ. ಪಟ್ಟಿಯಲ್ಲಿದ್ದ ಹೆಸರುಗಳನ್ನು ಚೀಟಿಯ ಮೇಲೆ ಬರೆದದ್ದು ಪೈಥಾನ್‌ನ 'ಪಿಲ್ಲೋ' ಎಂಬ ಮುಕ್ತ ತಂತ್ರಾಂಶ. ಪ್ರೂಫಿನಲ್ಲಿ ನಾನು ನೋಡಿದ ಹೆಸರುಗಳು ಭರತ, ಕಮಲ, ಸರಳ. ಗುಣಿತವೂ ಇಲ್ಲ, ಒತ್ತೂ ಇಲ್ಲ. ಕಣ್ಣು ಮೋಸಹೋಯಿತು. ಚೀಟಿ ಶಾಲೆಗೆ ಹೋದ ಮೇಲೆ ನೋಡಿದರೆ 'ಲಕ್ಷ್ಮಿ' ಎಂಬ ಮಗು 'ಲಕ್‌ಷ್‌ಮಿ' ಆಗಿತ್ತು! ಅಷ್ಟನ್ನೂ ಮತ್ತೆ ಅಚ್ಚು ಹಾಕಿದೆ. ನಷ್ಟ ನನ್ನದು, ಅವಮಾನ ಆ ಮಗುವಿನದು.

ತಪ್ಪು ಎಲ್ಲಿತ್ತು? ಪಿಲ್ಲೋ ಕನ್ನಡವನ್ನು ಸರಿಯಾಗಿ ಬರೆಯಬೇಕಾದರೆ 'ರಕ್ಮ್' ಎಂಬ ಲೈಬ್ರರಿ ಬೇಕು. ಅದು 'ಹಾರ್ಫ್‌ಬಝ್' ಎಂಬ ಇನ್ನೊಂದರ ಕೈಯಲ್ಲಿ ಒತ್ತು, ಗುಣಿತ ಜೋಡಿಸುತ್ತದೆ. ಪಿಲ್ಲೋವನ್ನು ಮೂಲದಿಂದ ಕಟ್ಟುವಾಗ ಜೆಪೆಗ್ ಲೈಬ್ರರಿ ಸಿಗದಿದ್ದರೆ ಕೆಲಸ ನಿಲ್ಲುತ್ತದೆ. ರಕ್ಮ್ ಸಿಗದಿದ್ದರೆ? ನಿಲ್ಲುವುದಿಲ್ಲ. ಅದು ಐಚ್ಛಿಕವಂತೆ! ನಮಗೆ ಪ್ಯಾಕೇಜು ಕಟ್ಟಿಕೊಟ್ಟ ಹುಡುಗನ ಯಂತ್ರದಲ್ಲಿ ರಕ್ಮ್ ಇರಲಿಲ್ಲ. ಪ್ಯಾಕೇಜು ತಯಾರಾಯಿತು, ಇಂಗ್ಲಿಷ್ ಚೆನ್ನಾಗಿ ಬಂತು, ಯಾರಿಗೂ ಗೊತ್ತಾಗಲಿಲ್ಲ.

ನಮ್ಮ ತಂದೆಯವರ ಕಾಲದಲ್ಲಿ ಕೇಸಿನಲ್ಲಿ ಒತ್ತಿನ ಮೊಳೆ ಮುಗಿದರೆ ಕಂಪೋಸಿಟರ್ ಕೂಗಿ ಹೇಳುತ್ತಿದ್ದ. ಮೊಳೆ ಬರುವವರೆಗೆ ಅಚ್ಚು ನಿಲ್ಲುತ್ತಿತ್ತು. ನಿಮ್ಮ ಬಿಲ್ಡ್ ಕೂಡ ಹಾಗೆ ಕೂಗಬೇಕು.

ದಾರಿ ಇದೆ. ಕಟ್ಟುವಾಗ 'ರಕ್ಮ್=ಎನೇಬಲ್' ಎಂದು ಬರೆಯಿರಿ. ಲೈಬ್ರರಿ ಸಿಗದಿದ್ದರೆ ಬಿಲ್ಡ್ ಅಲ್ಲೇ ಮುರಿದು ಬೀಳುತ್ತದೆ. ಬೀಳಲಿ! ಬೇಡವಾದದ್ದಕ್ಕೆ 'ಡಿಸೇಬಲ್' ಎಂದೂ ಬರೆಯಿರಿ. 'ಸಿಕ್ಕರೆ ಹಾಕು, ಇಲ್ಲದಿದ್ದರೆ ಬಿಡು' ಎಂದು ಯಂತ್ರಕ್ಕೆ ಒಪ್ಪಿಸಿದರೆ ಒಂದೇ ಮೂಲದಿಂದ ಎರಡು ಯಂತ್ರದಲ್ಲಿ ಎರಡು ಬಗೆಯ ಪ್ಯಾಕೇಜು ಹುಟ್ಟುತ್ತದೆ. ಜೆಂಟೂ ಲಿನಕ್ಸ್ ಬಳಗ ಇದಕ್ಕೆ 'ಆಟೋಮ್ಯಾಜಿಕ್' ಎಂದು ಹೆಸರಿಟ್ಟು ದೋಷವೆಂದೇ ಎಣಿಸುತ್ತದೆ. ಡೆಬಿಯನ್‌ಗೆ ಕಟ್ಟುವವರು ರಕ್ಮ್ ಹೆಸರನ್ನು 'ಬಿಲ್ಡ್-ಡಿಪೆಂಡ್ಸ್' ಸಾಲಿಗೆ ಸೇರಿಸಿ. ಕೊನೆಗೆ ಒಂದು ಚಿತ್ರದ ಮೇಲೆ 'ಲಕ್ಷ್ಮಿ' ಎಂದು ಬರೆಸಿ, ನಿಮ್ಮ ಕಣ್ಣಿನಿಂದಲೇ ನೋಡಿ. ಆಮೇಲೆ ಪ್ಯಾಕೇಜು ಹೊರಗೆ ಬಿಡಿ.

ಪಿಲ್ಲೋ ಬರೆದವರನ್ನು ಬೈಯಬೇಡಿ. ಇಂಗ್ಲಿಷ್ ಒಂದೇ ಸಾಕೆನ್ನುವವನಿಗೆ ರಕ್ಮ್ ಐಚ್ಛಿಕವೇ ಸರಿ. ನಮಗೆ ಅದು ಕಡ್ಡಾಯ. ಯಾವುದು ಕಡ್ಡಾಯವೆಂದು ತೀರ್ಮಾನಿಸುವವನು ಪ್ಯಾಕೇಜು ಕಟ್ಟುವವನು. ಬೆಂಗಳೂರಿನಲ್ಲಿ ಆ ಕುರ್ಚಿಯ ಮೇಲೆ ಕೂತಿರುವವರು ನೀವೇ ಅಲ್ಲವೇ? ಆ ಒಂದು ಸಾಲು ಬರೆಯಿರಿ. ಮಕ್ಕಳ ಹೆಸರು ಸರಿಯಾಗಿ ಬೀಳಲಿ.